ಸರೋವರ ಸೀಮೆಯ ಮಳೆನಡಿಗೆ

ಇಂಗ್ಲೆಂಡಿನ ವಾಯವ್ಯ ಮೂಲೆಯಲ್ಲಿ, ಸ್ಕಾಟ್ಲೆಂಡಿನ ಗಡಿಗೆ ತುಸು ದಕ್ಷಿಣಕ್ಕೆ, ಕಂಬ್ರಿಯಾ ಕೌಂಟಿಯ ಒಳಗಿರುವ ಬೆಟ್ಟ–ಸರೋವರಗಳ ಸೀಮೆಯೇ ಲೇಕ್ ಡಿಸ್ಟ್ರಿಕ್ಟ್. 1951ರಲ್ಲಿ ರಾಷ್ಟ್ರೀಯ ಉದ್ಯಾನವಾದ ಇದರ ವಿಸ್ತೀರ್ಣ ಈಗ 2,362 ಚದರ ಕಿ.ಮೀ. 2017ರಲ್ಲಿ ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೂ ಸೇರಿತು. ಇಂಗ್ಲೆಂಡಿನ ಅತಿ ಎತ್ತರದ ಶಿಖರ ಸ್ಕಾಫೆಲ್ ಪೈಕ್ (978 ಮೀಟರ್), ಅತಿ ಉದ್ದದ ಸರೋವರ ವಿಂಡರ್‌ಮಿಯರ್, ಅತಿ ಆಳದ ಸರೋವರ ವಾಸ್ಟ್‌ವಾಟರ್ ಮೂರೂ ಇಲ್ಲಿಯೇ ಇವೆ. ದೇಶದಲ್ಲಿ ಜನವಸತಿಯಿರುವ ಊರುಗಳ ಪೈಕಿ ಅತಿ ಹೆಚ್ಚು ಮಳೆ ಬೀಳುವ ಸೀತ್‌ವೇಟ್ ಕೂಡ ಇದೇ ಸೀಮೆಯ ಹಳ್ಳಿ.

ವರ್ಷಕ್ಕೆ ಕೋಟಿಗೂ ಮಿಕ್ಕಿ ಜನ ಬಂದುಹೋಗುವ ಈ ಪ್ರದೇಶಕ್ಕೆ ಬಹಳಷ್ಟು ಮಂದಿ ಬರುವುದು ನಡೆಯಲೆಂದೇ. ಆದರೆ ಮಳೆ ನಿಂತ ಮೇಲೆ ಹೊರಡೋಣ ಎಂದು ಕಾದು ಕುಳಿತವರು ಕಾಯುತ್ತಲೇ ಉಳಿಯಬೇಕಾದೀತು. ಇಲ್ಲಿನ ಸರೋವರ, ತೊರೆ, ಹಾವಸೆ ಹಿಡಿದ ಓಕ್ ಕಾಡು, ಕುರಿಯ ತಳಿ, ಹಾದಿಗೆ ಹಾಸುವ ಕಲ್ಲು, ನಡೆಯುವವರ ಉಡುಗೆ ಇವೆಲ್ಲಕ್ಕೂ ಮಳೆಯೇ ಹದ ಕೊಟ್ಟಿದೆ. ಮಳೆಯನ್ನು ಬಿಟ್ಟು ಈ ನಾಡಿನ ಕಾಲ್ನಡಿಗೆಯನ್ನು ವಿವರಿಸಲು ಬರುವುದಿಲ್ಲ.

ಮಳೆ ಏಕೆ ಇಷ್ಟು?

ಅಟ್ಲಾಂಟಿಕ್ ಸಾಗರದ ಮೇಲಿಂದ ನೈರುತ್ಯ ಗಾಳಿ ತೇವ ಹೊತ್ತು ಬರುತ್ತದೆ. ಅದಕ್ಕೆ ಇಂಗ್ಲೆಂಡಿನ ಪಶ್ಚಿಮ ಕರಾವಳಿಯಲ್ಲಿ ಮೊದಲು ಎದುರಾಗುವ ದೊಡ್ಡ ತಡೆಗಳಲ್ಲಿ ಈ ಬೆಟ್ಟಗಳೂ ಸೇರಿವೆ. ಗಾಳಿ ಬೆಟ್ಟವೇರುತ್ತ ತಂಪಾಗುತ್ತದೆ, ಆವಿ ಹನಿಗಟ್ಟುತ್ತದೆ, ಬೆಟ್ಟಸಾಲಿನ ನಡುಭಾಗದಲ್ಲಿ ಸುರಿದುಬಿಡುತ್ತದೆ. ಬೊರೊಡೇಲ್ ಕಣಿವೆಯ ತುದಿಯಲ್ಲಿರುವ ಸೀತ್‌ವೇಟ್‌ನಲ್ಲಿ ವರ್ಷಕ್ಕೆ 3,000 ಮಿ.ಮೀ.ಗೂ ಹೆಚ್ಚು ಮಳೆಯಾಗುತ್ತದೆ. ಅಲ್ಲಿಂದ ಕೆಲವೇ ಮೈಲಿ ದೂರದ ಕೆಸಿಕ್ ಪಟ್ಟಣದಲ್ಲಿ ಅದರ ಅರ್ಧದಷ್ಟು. ಬೆಟ್ಟಗಳಾಚೆ ಪೂರ್ವಕ್ಕಿರುವ ಪೆನ್ರಿತ್ ಮಳೆನೆರಳಿನಲ್ಲಿ ಬೀಳುವುದರಿಂದ ಅಲ್ಲಿ ಇನ್ನೂ ಕಡಿಮೆ. ಹೀಗಾಗಿ ಒಂದು ಕಣಿವೆಯಲ್ಲಿ ನೆಂದು ತೊಪ್ಪೆಯಾದವರು ಪಕ್ಕದ ಕಣಿವೆಗೆ ಇಳಿದರೆ ನೆಲ ಒಣಗಿರುವುದೂ ಉಂಟು.

ಇದು ನಾಲ್ಕು ತಿಂಗಳಲ್ಲಿ ಸುರಿದು ಮುಗಿಯುವ ಮುಂಗಾರಿನಂಥ ಮಳೆಯಲ್ಲ, ವರ್ಷವಿಡೀ ಹಂಚಿಹೋಗಿದೆ. ಏಪ್ರಿಲ್‌ನಿಂದ ಜೂನ್‌ವರೆಗೆ ತುಸು ಬಿಡುವು. ಅಕ್ಟೋಬರ್‌ನಿಂದ ಜನವರಿವರೆಗೆ ಜೋರು. ಬಹುತೇಕ ದಿನ ಅದು ಜಿಟಿಜಿಟಿ ಸೋನೆ: ಮೋಡವೇ ಕೆಳಗಿಳಿದು ಬೆಟ್ಟದ ನೆತ್ತಿಯನ್ನು ನುಂಗಿರುತ್ತದೆ, ಗಾಳಿ ಬೀಸಿದಾಗ ಹನಿ ಅಡ್ಡಡ್ಡ ರಾಚುತ್ತದೆ. ಆದರೆ ಈ ಸೀಮೆ ಜಡಿಮಳೆಯ ದಾಖಲೆಗೂ ಹೆಸರಾದದ್ದು. 2009ರ ನವೆಂಬರ್‌ನಲ್ಲಿ ಸೀತ್‌ವೇಟ್‌ನಲ್ಲಿ 24 ಗಂಟೆಗಳಲ್ಲಿ 316.4 ಮಿ.ಮೀ. ಮಳೆ ಸುರಿದು ಬ್ರಿಟನ್ನಿನ ದಾಖಲೆಯಾಯಿತು. 2015ರ ಡಿಸೆಂಬರ್ 5ರಂದು, ಡೆಸ್ಮಂಡ್ ಚಂಡಮಾರುತದ ವೇಳೆ, ಪಕ್ಕದ ಹೊನಿಸ್ಟರ್ ಕಣಿವೆದಾರಿಯಲ್ಲಿ 341.4 ಮಿ.ಮೀ. ಸುರಿದು ಆ ದಾಖಲೆಯನ್ನೂ ಮುರಿಯಿತು.

ನೀರು ಕೆತ್ತಿದ ನೆಲ

ಸರೋವರ ಸೀಮೆಯ ನಡುಭಾಗದ ಒರಟು ಬಂಡೆಗಳು ಸುಮಾರು 45 ಕೋಟಿ ವರ್ಷಗಳ ಹಿಂದಿನ ಜ್ವಾಲಾಮುಖಿಗಳ ಉಳಿಕೆ. ಉತ್ತರದ ಸ್ಕಿಡಾ ಬೆಟ್ಟಗಳು ಅದಕ್ಕಿಂತಲೂ ಹಳೆಯ ಪದರಗಲ್ಲಿನವು, ಹಾಗಾಗಿ ಅವುಗಳ ಮೈ ನುಣುಪು. ಹಿಮಯುಗಗಳಲ್ಲಿ ಹಿಮನದಿಗಳು ನಡುಬೆಟ್ಟದಿಂದ ಎಲ್ಲ ದಿಕ್ಕಿಗೂ ಜಾರುತ್ತ ಕಣಿವೆಗಳನ್ನು ಆಳವಾಗಿ, ಅಗಲವಾಗಿ ಕೊರೆದವು. ಕರಗುವಾಗ ಬಿಟ್ಟುಹೋದ ಕಲ್ಲುಮಣ್ಣಿನ ದಿಬ್ಬಗಳ ಹಿಂದೆ, ಕೊರೆದ ತಗ್ಗುಗಳಲ್ಲಿ ನೀರು ನಿಂತು ಉದ್ದುದ್ದನೆಯ ಸರೋವರಗಳಾದವು. ಈ ಕಣಿವೆಗಳ ಹರಹನ್ನು ಕವಿ ವಿಲಿಯಂ ವರ್ಡ್ಸ್‌ವರ್ತ್ ತನ್ನ ಮಾರ್ಗದರ್ಶಿ ಪುಸ್ತಕದಲ್ಲಿ ಚಕ್ರದ ಅರೆಕಾಲುಗಳಿಗೆ ಹೋಲಿಸಿದ್ದಾನೆ. ನಡೆಯುವವರಿಗೆ ಇದರ ಪರಿಣಾಮ ನೇರವಾದದ್ದು: ಕಣಿವೆಯಿಂದ ಕಣಿವೆಗೆ ಕಾರಿನಲ್ಲಿ ಹೋಗಲು ಬೆಟ್ಟ ಸುತ್ತಬೇಕು, ಕಾಲ್ನಡಿಗೆಯಲ್ಲಾದರೆ ಒಂದು ಏರು, ಒಂದು ಇಳಿಜಾರು.

ಇಲ್ಲಿ ಬೆಟ್ಟಕ್ಕೆ ‘ಫೆಲ್’, ತೊರೆಗೆ ‘ಬೆಕ್’, ಬೆಟ್ಟದ ಮಡಿಲಿನ ಪುಟ್ಟ ಕೊಳಕ್ಕೆ ‘ಟಾರ್ನ್’ ಎನ್ನುತ್ತಾರೆ. ಸಾವಿರ ವರ್ಷಗಳ ಹಿಂದೆ ನೆಲೆಸಿದ ಸ್ಕ್ಯಾಂಡಿನೇವಿಯ ಮೂಲದವರು ಬಿಟ್ಟುಹೋದ ಮಾತುಗಳಿವು.

ಮಳೆ ತಂದುಕೊಟ್ಟ ಇನ್ನೊಂದು ಸಂಪತ್ತು ಕಾಡು. ಬೊರೊಡೇಲ್‌ನ ಓಕ್ ಕಾಡುಗಳು ಸಮಶೀತೋಷ್ಣ ವಲಯದ ಮಳೆಕಾಡುಗಳು. ಅಲ್ಲಿ ಕಲ್ಲು, ಬೇರು, ಕೊಂಬೆ ಯಾವುದೂ ಬರಿಮೈಯಲ್ಲಿ ಇರುವುದಿಲ್ಲ. ಬುಡದಿಂದ ತುದಿಯವರೆಗೆ ಹಾವಸೆ, ಅದರ ಮೇಲೆ ಜರಿಗಿಡ, ತೊಗಟೆಗೆ ಅಂಟಿದ ಕಲ್ಲುಹೂವು. ಈ ಕಾಡನ್ನು 2024ರಲ್ಲಿ ರಾಷ್ಟ್ರೀಯ ನಿಸರ್ಗಧಾಮವೆಂದು ಘೋಷಿಸಲಾಯಿತು.

ಇಲ್ಲಿನ ನೀರು ದೂರದೂರಿನ ನಲ್ಲಿಗಳಿಗೂ ಹರಿಯುತ್ತದೆ. ಥರ್ಲ್‌ಮಿಯರ್ ಸರೋವರಕ್ಕೆ ಅಣೆಕಟ್ಟು ಕಟ್ಟಿ 1894ರಿಂದ 96 ಮೈಲಿ ದೂರದ ಮ್ಯಾಂಚೆಸ್ಟರ್ ನಗರಕ್ಕೆ ನೀರು ಕೊಡಲಾಗುತ್ತಿದೆ. ಪಂಪು ಬೇಕಿಲ್ಲ, ಇಳಿಜಾರಿನಲ್ಲೇ ನೀರು ಹರಿದುಹೋಗುತ್ತದೆ. ಮುಂದೆ 1930ರ ದಶಕದಲ್ಲಿ ಹಾಸ್‌ವಾಟರ್ ಸರೋವರದ ಮಟ್ಟ ಏರಿಸಿದಾಗ ಮಾರ್ಡೇಲ್ ಎಂಬ ಹಳ್ಳಿಯೇ ಮುಳುಗಿತು. ಬರದ ವರ್ಷಗಳಲ್ಲಿ ನೀರು ಇಳಿದಾಗ ಅದರ ಗೋಡೆಗಳೂ ಸೇತುವೆಯೂ ಮೇಲೆ ಕಾಣುತ್ತವೆ.

ನಡೆದವರು, ಬರೆದವರು

18ನೆಯ ಶತಮಾನದವರೆಗೆ ಹೊರಗಿನವರಿಗೆ ಇದು ಭಯ ಹುಟ್ಟಿಸುವ ಕಾಡುಬೆಟ್ಟ. 1778ರಲ್ಲಿ ಥಾಮಸ್ ವೆಸ್ಟ್ ಬರೆದ ಮಾರ್ಗದರ್ಶಿ ಎಲ್ಲೆಲ್ಲಿ ನಿಂತು ಯಾವ ನೋಟ ನೋಡಬೇಕೆಂದು ಹೇಳಿಕೊಟ್ಟಿತು. ಆ ಪ್ರವಾಸಿಗರು ಹೆಚ್ಚಾಗಿ ಗಾಡಿಯಲ್ಲಿ ಬಂದು ನೋಡಿ ಹೋದರು. ನಡಿಗೆಗೆ ಮರ್ಯಾದೆ ತಂದವರು ಮುಂದಿನ ಪೀಳಿಗೆಯ ಕವಿಗಳು.

ಕಾಕರ್‌ಮತ್‌ನಲ್ಲಿ 1770ರಲ್ಲಿ ಹುಟ್ಟಿದ ವರ್ಡ್ಸ್‌ವರ್ತ್ 1799ರ ಕೊನೆಯಲ್ಲಿ ತಂಗಿ ಡೊರೊಥಿಯೊಂದಿಗೆ ಗ್ರಾಸ್‌ಮಿಯರ್‌ನ ಡವ್ ಕಾಟೇಜ್‌ಗೆ ಬಂದ. ಅವನು ಜೀವಮಾನದಲ್ಲಿ ಒಟ್ಟು ಒಂದು ಲಕ್ಷದ ಎಪ್ಪತ್ತೈದು ಸಾವಿರ ಮೈಲಿಗೂ ಹೆಚ್ಚು ನಡೆದಿರಬೇಕೆಂದು ಗೆಳೆಯ ಥಾಮಸ್ ಡಿ ಕ್ವಿನ್ಸಿ ಲೆಕ್ಕ ಹಾಕಿದ್ದ. 1802ರ ಏಪ್ರಿಲ್ 15ರಂದು ಅಣ್ಣ ತಂಗಿ ಅಲ್ಸ್‌ವಾಟರ್ ಸರೋವರದ ದಂಡೆ ಹಿಡಿದು ಪ್ಯಾಟರ್‌ಡೇಲ್ ಕಡೆಗೆ ನಡೆದರು. ಮೋಡ ಕವಿದ, ಗಾಳಿ ಜೋರಾಗಿದ್ದ ದಿನ. ದಂಡೆಯ ಮರಗಳಡಿ ಅವರು ಕಂಡ ಹಳದಿ ಡ್ಯಾಫೊಡಿಲ್ ಹೂಗಳ ಸಾಲನ್ನು ಡೊರೊಥಿ ದಿನಚರಿಯಲ್ಲಿ ಬರೆದಿಟ್ಟಳು. ಮಳೆ ಹಿಡಿದುಕೊಂಡು ಇಬ್ಬರೂ ನೆಂದದ್ದನ್ನೂ ಬರೆದಳು. ಅಣ್ಣ ಇದೇ ನೋಟದ ಮೇಲೆ ಎರಡು ವರ್ಷಗಳ ಬಳಿಕ ಕವಿತೆ ರಚಿಸಿ 1807ರಲ್ಲಿ ಪ್ರಕಟಿಸಿದ. ಕವಿತೆಯಲ್ಲಿ ತಂಗಿಯೂ ಇಲ್ಲ, ಮಳೆಯೂ ಇಲ್ಲ. ಕನ್ನಡದ ನವೋದಯದ ಕವಿಗಳ ಮೇಲೆ, ವಿಶೇಷವಾಗಿ ಕುವೆಂಪು ಅವರ ಮೇಲೆ, ಗಾಢ ಪ್ರಭಾವ ಬೀರಿದ ವರ್ಡ್ಸ್‌ವರ್ತ್ ಕಾವ್ಯದ ದೊಡ್ಡ ಭಾಗ ಹೀಗೆ ಈ ಹಾದಿಗಳಲ್ಲಿ ಹುಟ್ಟಿದ್ದು.

1802ರ ಆಗಸ್ಟ್‌ನಲ್ಲಿ ಕವಿ ಕೋಲ್‌ರಿಜ್ ಒಬ್ಬನೇ ಒಂಬತ್ತು ದಿನ ಬೆಟ್ಟ ಸುತ್ತಿದ. ಸ್ಕಾಫೆಲ್‌ನ ತುದಿಯಿಂದ ಹಾದಿಯಿಲ್ಲದ ಬಂಡೆಯಂಚುಗಳ ಮೇಲೆ ಜಾರುತ್ತ ಇಳಿದು, ಗುಡುಗುಮಳೆ ಬಂದಾಗ ಕುರಿದೊಡ್ಡಿಯ ಕಲ್ಲುಗೋಡೆಯ ಮರೆ ಹಿಡಿದ.

ಇಪ್ಪತ್ತನೆಯ ಶತಮಾನದಲ್ಲಿ ಸಾಮಾನ್ಯ ಜನರನ್ನು ಬೆಟ್ಟಕ್ಕೆ ಕರೆತಂದವನು ಆಲ್ಫ್ರೆಡ್ ವೇನ್‌ರೈಟ್. ಬ್ಲ್ಯಾಕ್‌ಬರ್ನ್‌ನ ಬಡ ಮನೆಯಲ್ಲಿ 1907ರಲ್ಲಿ ಹುಟ್ಟಿದ ಈತ 1930ರಲ್ಲಿ ವಿಂಡರ್‌ಮಿಯರ್ ಊರಿನ ಮೇಲಿನ ಆರೆಸ್ಟ್ ಹೆಡ್ ಗುಡ್ಡ ಹತ್ತಿ ಈ ಸೀಮೆಯನ್ನು ಮೊದಲು ಕಂಡ. ಕೆಂಡಲ್ ಪುರಸಭೆಯ ಖಜಾಂಚಿಯಾಗಿದ್ದುಕೊಂಡೇ ವಾರಾಂತ್ಯಗಳಲ್ಲಿ ಬಸ್ಸು ಹಿಡಿದು ಹೋಗಿ 214 ಬೆಟ್ಟಗಳನ್ನು ಹತ್ತಿದ. ಅವುಗಳ ಹಾದಿ, ಗೋಡೆ, ಬಂಡೆಗಳನ್ನೆಲ್ಲ ಶಾಯಿಯಲ್ಲಿ ಬರೆದು ಏಳು ಸಂಪುಟಗಳ ಸಚಿತ್ರ ಮಾರ್ಗದರ್ಶಿಯನ್ನು 1955ರಿಂದ 1966ರ ನಡುವೆ ಹೊರತಂದ. ಅದರಲ್ಲಿ ಅಚ್ಚಿನ ಮೊಳೆಯ ಕೆಲಸವೇ ಇಲ್ಲ, ಒಂದೊಂದು ಅಕ್ಷರವೂ ಅವನ ಕೈಬರಹ. ಆ ಬೆಟ್ಟಗಳನ್ನು ಇಂದು ‘ವೇನ್‌ರೈಟ್‌ಗಳು’ ಎಂದೇ ಕರೆಯುತ್ತಾರೆ. ಎಲ್ಲವನ್ನೂ ಹತ್ತಿ ಮುಗಿಸುವುದನ್ನು ವ್ರತದಂತೆ ಹಿಡಿದವರು ಸಾವಿರಾರು ಮಂದಿ.

ಹಾದಿಯ ಹಕ್ಕು

ಇಲ್ಲಿನ ನೆಲದ ಬಹುಭಾಗ ರೈತರದ್ದೋ ಸಂಸ್ಥೆಗಳದ್ದೋ ಆಸ್ತಿ. ಆದರೂ ಯಾರದೋ ಹೊಲದ ನಡುವೆ, ಯಾರದೋ ಕೊಟ್ಟಿಗೆಯ ಅಂಗಳದಲ್ಲೇ ಹಾದಿ ಹಾಯುತ್ತದೆ, ನಡೆಯುವವರು ಯಾರ ಅಪ್ಪಣೆಯನ್ನೂ ಕೇಳಬೇಕಿಲ್ಲ. ಇಂಗ್ಲೆಂಡಿನಲ್ಲಿ ಬಳಕೆಯಿಂದ ಊರ್ಜಿತವಾದ ಕಾಲುಹಾದಿಗೆ ಕಾನೂನಿನ ರಕ್ಷೆಯಿದೆ. ಇಂಥ ಹಾದಿಗಳನ್ನೆಲ್ಲ ಅಧಿಕೃತ ನಕ್ಷೆಯಲ್ಲಿ ದಾಖಲಿಸಬೇಕೆಂದು 1949ರ ಕಾಯ್ದೆ ವಿಧಿಸಿತು. ರಾಷ್ಟ್ರೀಯ ಉದ್ಯಾನಗಳಿಗೆ ದಾರಿ ಮಾಡಿಕೊಟ್ಟದ್ದೂ ಅದೇ ಕಾಯ್ದೆ. 2000ದ ಕಾಯ್ದೆ ಬೆಟ್ಟ, ಬೀಳು, ಹುಲ್ಲುಗಾವಲುಗಳಂಥ ತೆರೆದ ಭೂಮಿಯಲ್ಲಿ ಹಾದಿ ಬಿಟ್ಟೂ ಅಡ್ಡಾಡುವ ಹಕ್ಕು ನೀಡಿತು. ಹಳದಿ ಬಾಣ ಕಂಡರೆ ಅದು ಕಾಲ್ನಡಿಗೆಯ ಹಾದಿ. ನೀಲಿ ಬಾಣವಿದ್ದರೆ ಕುದುರೆ, ಸೈಕಲ್ಲುಗಳಿಗೂ ಅವಕಾಶ. ಬದಲಿಗೆ ಪಾಲಿಸಬೇಕಾದ ಕಟ್ಟಳೆ ಸರಳ: ತಾವು ತೆರೆದ ಗೇಟನ್ನು ಮುಚ್ಚಬೇಕು, ಕುರಿಗಳಿರುವಲ್ಲಿ ನಾಯಿಗೆ ಹಗ್ಗ ಬಿಗಿಯಬೇಕು, ಗೋಡೆ ಹತ್ತದೆ ತಡಮೆಯಲ್ಲೇ ದಾಟಬೇಕು.

ಆ ಗೋಡೆಗಳು ಹತ್ತಿರದಿಂದ ನೋಡುವಂಥವು. ಗಾರೆಯಿಲ್ಲ, ಮಣ್ಣೂ ಇಲ್ಲ. ಎರಡು ಮೈಗಳಲ್ಲಿ ಕಲ್ಲು ಪೇರಿಸಿ, ನಡುವೆ ಚೂರುಗಲ್ಲು ತುಂಬಿ, ಎರಡನ್ನೂ ಬಿಗಿಯಲು ಅಲ್ಲಲ್ಲಿ ಉದ್ದನೆಯ ಅಡ್ಡಗಲ್ಲು ಇಟ್ಟು, ಮೇಲೆ ಓರೆಯಾಗಿ ತಲೆಗಲ್ಲು ಸಾಲಿಡುತ್ತಾರೆ. ಸಂದುಗಳಲ್ಲಿ ನೀರೂ ಗಾಳಿಯೂ ಹಾಯ್ದುಹೋಗುವುದರಿಂದ ಗೋಡೆ ನೂರಾರು ವರ್ಷ ನಿಲ್ಲುತ್ತದೆ. ಗೋಡೆ ಮುಗಿದಲ್ಲಿಂದ ಮೇಲಿನ ಬೆಟ್ಟದಲ್ಲಿ ಬೇಲಿಯೇ ಇಲ್ಲ. ಅಲ್ಲಿ ಮೇಯುವ ಹರ್ಡ್‌ವಿಕ್ ತಳಿಯ ಕುರಿಗಳು ತಮ್ಮ ಮೇವಿನ ಮೇರೆಯನ್ನು ತಾಯಿಯಿಂದಲೇ ಕಲಿತು, ಅದನ್ನು ಬಿಟ್ಟು ಹೋಗುವುದಿಲ್ಲ. ಹುಟ್ಟುವಾಗ ಕಪ್ಪಗಿದ್ದು ವರ್ಷಗಳೆದಂತೆ ಬೂದುಬಣ್ಣಕ್ಕೆ ತಿರುಗುವ ಇವುಗಳ ಉಣ್ಣೆ ಒರಟು, ಮಳೆಗೆ ಬಗ್ಗದು. ಪೀಟರ್ ರ‍್ಯಾಬಿಟ್ ಕಥೆಗಳ ಲೇಖಕಿ ಬಿಯಾಟ್ರಿಕ್ಸ್ ಪಾಟರ್ ಈ ತಳಿ ಸಾಕುವುದರಲ್ಲಿ ಪಳಗಿದವರು. 1943ರಲ್ಲಿ ತೀರಿಕೊಂಡಾಗ 14 ತೋಟದ ಮನೆಗಳನ್ನೂ 4,000 ಎಕರೆಗೂ ಹೆಚ್ಚು ಭೂಮಿಯನ್ನೂ ಪರಂಪರೆಯ ತಾಣಗಳನ್ನು ಕಾಯುವ ನ್ಯಾಷನಲ್ ಟ್ರಸ್ಟ್ ಸಂಸ್ಥೆಗೆ ಬಿಟ್ಟುಹೋದರು.

ಮಳೆಯ ದಿನದ ಒಂದು ಹಾದಿ

ಮೋಡ ತಗ್ಗಿದ ದಿನ ಶಿಖರ ಹತ್ತುವುದರಲ್ಲಿ ಅರ್ಥವಿಲ್ಲ, ಮೇಲೆ ಹೋದರೆ ಕಾಣುವುದು ಬಿಳಿ ಮಂಜು ಮಾತ್ರ. ಅನುಭವಸ್ಥರು ಅಂಥ ದಿನ ಸರೋವರದ ದಂಡೆಯ ಹಾದಿ ಹಿಡಿಯುತ್ತಾರೆ. ಅಂಥವುಗಳಲ್ಲಿ ಅಲ್ಸ್‌ವಾಟರ್‌ನ ಪೂರ್ವ ದಂಡೆಯಲ್ಲಿ ಹೌಟೌನ್‌ನಿಂದ ಗ್ಲೆನ್‌ರಿಡಿಂಗ್‌ಗೆ ಹೋಗುವ ಸುಮಾರು 11 ಕಿ.ಮೀ. ಹಾದಿ ಬಹಳ ಹೆಸರಾದದ್ದು. ವೇನ್‌ರೈಟ್ ಇಡೀ ಸೀಮೆಯಲ್ಲೇ ಇದರಷ್ಟು ಸುಂದರ ನಡಿಗೆ ಇನ್ನೊಂದಿಲ್ಲ ಎಂಬರ್ಥದಲ್ಲಿ ಹೊಗಳಿದ್ದ.

ರೂಢಿಯೆಂದರೆ ಮೊದಲು ಗ್ಲೆನ್‌ರಿಡಿಂಗ್ ಕಟ್ಟೆಯಲ್ಲಿ ದೋಣಿ ಹತ್ತಿ ಹೌಟೌನ್‌ಗೆ ಹೋಗಿ, ಅಲ್ಲಿಂದ ನಡೆದು ಹಿಂದಿರುಗುವುದು. ಹಾಗಾದರೆ ಕೊನೆಯ ದೋಣಿ ತಪ್ಪೀತೆಂಬ ಆತಂಕವಿಲ್ಲ. 1859ರಿಂದ ಓಡುತ್ತಿರುವ ಈ ದೋಣಿ ಸೇವೆಯಲ್ಲಿ 1877ರ ‘ಲೇಡಿ ಆಫ್ ದ ಲೇಕ್’ ಇಂದೂ ದುಡಿಯುತ್ತಿದೆ. ಹೌಟೌನ್‌ನಲ್ಲಿ ಇಳಿದ ಮೇಲೆ ಹಾದಿ ಹ್ಯಾಲಿನ್ ಫೆಲ್‌ನ ಬುಡ ಬಳಸಿ, ನೀರಿನ ಅಂಚಿಗೇ ಬಾಗಿದ ಮರಗಳ ನಡುವೆ ಸಾಗಿ ಸ್ಯಾಂಡ್‌ವಿಕ್ ಎಂಬ ಕೆಲವೇ ಮನೆಗಳ ಊರು ಸೇರುತ್ತದೆ. ಅಲ್ಲಿ ತೊರೆ ದಾಟಿದ ಮೇಲೆ ಬರ್ಕ್ ಫೆಲ್‌ನ ಕಡಿದಾದ ಮಗ್ಗುಲು. ಎಡಕ್ಕೆ ಬೆಟ್ಟ, ಬಲಕ್ಕೆ ಸರೋವರ, ನಡುವೆ ಬರ್ಚ್ ಮರ ಮತ್ತು ಜುನಿಪರ್ ಪೊದೆಗಳಲ್ಲಿ ಏರಿಳಿಯುವ ಕಲ್ಲುಹಾದಿ.

ಮಳೆ ಬಿದ್ದಾಗ ಈ ಮಗ್ಗುಲಿನ ಪ್ರತಿ ಸೀಳಿನಲ್ಲೂ ಬಿಳಿ ನೀರಿನ ಎಳೆ ಇಳಿಯುತ್ತದೆ. ಸ್ಕೇಲ್‌ಹೌ ಜಲಪಾತದ ಸದ್ದು ಅದು ಕಾಣುವ ಮೊದಲೇ ಕೇಳಿಸುತ್ತದೆ. ಒಣಗಿದ್ದಾಗ ಕಾಲಿಗೆ ಹಿಡಿತ ಕೊಡುವ ಬಂಡೆ ನೆಂದರೆ, ಅದರಲ್ಲೂ ಪಾಚಿ ಹಿಡಿದಿದ್ದರೆ, ಎಣ್ಣೆ ಸವರಿದಷ್ಟು ಜಾರು. ಬೇರುಗಳ ಮೇಲಂತೂ ಕಾಲಿಡಲೇಬಾರದು. ಬ್ರ್ಯಾಕನ್ ಜರಿಗಿಡಗಳು ಹಾದಿಗೆ ಬಾಗಿ ಮೊಣಕಾಲಿನವರೆಗೂ ನೀರು ಸವರುತ್ತವೆ. ಸಿಲ್ವರ್ ಪಾಯಿಂಟ್ ಬಳಸಿದ ಮೇಲೆ ಹಾದಿ ಅಗಲವಾಗಿ, ಸರೋವರದ ತಲೆ ಸುತ್ತಿ, ಗೋಲ್ಡ್‌ರಿಲ್ ತೊರೆ ದಾಟಿ ಪ್ಯಾಟರ್‌ಡೇಲ್‌ಗೆ, ಅಲ್ಲಿಂದ ಗ್ಲೆನ್‌ರಿಡಿಂಗ್‌ಗೆ ಮುಟ್ಟಿಸುತ್ತದೆ.

ಸ್ಕಾಟ್ಲೆಂಡಿನ ವಿಲಿಯಂ ನೇಸ್ಮಿತ್ 1892ರಲ್ಲಿ ಹೇಳಿದ ಸೂತ್ರವೇ ಇಂದಿಗೂ ಸಮಯದ ಅಂದಾಜಿಗೆ ಆಧಾರ: ಪ್ರತಿ 5 ಕಿ.ಮೀ.ಗೆ ಒಂದು ಗಂಟೆ, ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಈ ಲೆಕ್ಕದಲ್ಲಿ ಮೂರು ಗಂಟೆಯೊಳಗೆ ಮುಗಿಯಬೇಕಾದ ಹಾದಿಗೆ ಮಳೆಯ ದಿನ ನಾಲ್ಕು ಗಂಟೆ ಇಟ್ಟುಕೊಳ್ಳುವುದು ಜಾಣತನ.

ಇಂಥ ದಿನಕ್ಕೆ ಹೊಂದುವ ಹಾದಿಗಳು ಇನ್ನೂ ಹಲವು. ಬಟರ್‌ಮಿಯರ್ ಸರೋವರದ ಸುತ್ತ ಸುಮಾರು 7 ಕಿ.ಮೀ. ಹಾದಿಯಿದೆ, ಒಂದೆಡೆ ಅದು ಬಂಡೆ ಕೊರೆದ ಸುರಂಗದೊಳಗೇ ಹೋಗುತ್ತದೆ. ರೈಡಲ್‌ನಿಂದ ಗ್ರಾಸ್‌ಮಿಯರ್‌ಗೆ ಹಿಂದೆ ಶವ ಹೊತ್ತು ಸಾಗುತ್ತಿದ್ದ ಹಾದಿಯ ಪಕ್ಕದಲ್ಲಿ ಶವಪೆಟ್ಟಿಗೆ ಇಳಿಸಲು ಹಾಕಿದ ಕಲ್ಲು ಈಗಲೂ ಉಂಟು. 20 ಮೀಟರ್ ಎತ್ತರದ ಏರಾ ಫೋರ್ಸ್ ಜಲಪಾತ ಮಳೆ ಸುರಿದಾಗಲೇ ತನ್ನ ಪೂರ್ತಿ ಆರ್ಭಟದಲ್ಲಿರುವುದು.

ಉಡುಗೆ, ಎಚ್ಚರ, ಅಪಾಯ

ಛತ್ರಿ ಇಲ್ಲಿ ಪೇಟೆಯ ವಸ್ತು, ಬೆಟ್ಟದ ಗಾಳಿಗೆ ಒಂದು ನಿಮಿಷವೂ ನಿಲ್ಲದು. ಟೋಪಿಯಿರುವ ಮಳೆಯಂಗಿ, ಅದಕ್ಕೆ ಜೋಡಿಯಾಗಿ ಮಳೆಪ್ಯಾಂಟು, ಕಾಲಿನ ಹರಡಿಗಿಂತ ಮೇಲೆ ಬರುವ ಬೂಟು, ಒಳಗೆ ಉಣ್ಣೆ ಅಥವಾ ಕೃತಕ ನೂಲಿನ ಬಟ್ಟೆ. ಹತ್ತಿ ಬಟ್ಟೆ ಬೇಡವೇ ಬೇಡ. ಅದು ನೀರು ಹೀರಿ ಮೈಗಂಟಿ, ಮೈಯ ಶಾಖವನ್ನೇ ಹೀರಿಬಿಡುತ್ತದೆ. ಬೆನ್ನುಚೀಲದ ಮೇಲೆ ಹಾಕುವ ಹೊದಿಕೆಯನ್ನು ಗಾಳಿ ಕಿತ್ತೊಯ್ಯುವುದರಿಂದ ಚೀಲದ ಒಳಗೇ ನೀರು ಹೊಗದ ಇನ್ನೊಂದು ಚೀಲವಿಟ್ಟು ಅದರಲ್ಲಿ ಒಣ ಸ್ವೆಟರು, ಕೈಗವಸು, ಟಾರ್ಚು ಇಡುತ್ತಾರೆ. ಫೋನು ಒದ್ದೆಯಾಗಬಹುದು, ಕಣಿವೆಗಳಲ್ಲಿ ಸಿಗ್ನಲ್ಲೂ ಸಿಗದು. ಆದ್ದರಿಂದ ಬ್ರಿಟನ್ನಿನ ನಕ್ಷೆ ಸಂಸ್ಥೆಯಾದ ಆರ್ಡ್‌ನನ್ಸ್ ಸರ್ವೆಯ 1:25,000 ಪ್ರಮಾಣದ ಕಾಗದದ ನಕ್ಷೆ ಮತ್ತು ದಿಕ್ಸೂಚಿ ಇರಲೇಬೇಕು.

ಇಲ್ಲಿ ಚಳಿಗಾಲಕ್ಕಿಂತ ಮೋಸದ್ದು ಒದ್ದೆ ಬೇಸಿಗೆ. ಉಷ್ಣತೆ ಹತ್ತು ಡಿಗ್ರಿ ಇದ್ದರೂ ನೆಂದ ಮೈಗೆ ಗಾಳಿ ಬಡಿದರೆ ದೇಹದ ಶಾಖ ಕುಸಿಯುತ್ತದೆ. ಮೊದಲು ನಡುಕ, ಆಮೇಲೆ ಎಡವುವುದು, ಮಾತು ತೊದಲುವುದು, ಕೊನೆಗೆ ಯೋಚನೆಯೇ ಮಂಕಾಗುವುದು. ಜೊತೆಯವರು ಇದನ್ನು ಗುರುತಿಸಿ ಒಣಬಟ್ಟೆ, ಸಿಹಿ ತಿಂಡಿ ಕೊಟ್ಟು ಕೂಡಲೇ ಕೆಳಗಿಳಿಸಬೇಕು. ಉಬ್ಬಿದ ತೊರೆಗಳು ಇನ್ನೊಂದು ಅಪಾಯ. ಬೆಳಿಗ್ಗೆ ಕಲ್ಲಿನಿಂದ ಕಲ್ಲಿಗೆ ಕಾಲಿಟ್ಟು ದಾಟಿದ್ದು ಮಧ್ಯಾಹ್ನ ಸೊಂಟಮಟ್ಟ ಬಂದಿರಬಹುದು. ಆಗ ಸೇತುವೆ ಹುಡುಕಿಕೊಂಡು ಸುತ್ತಿ ಹೋಗುವುದೇ ದಾರಿ.

ಹವಾಮಾನದ ಮುನ್ಸೂಚನೆಗೆ ಈ ಸೀಮೆಗೆಂದೇ ‘ವೆದರ್‌ಲೈನ್’ ಸೇವೆಯಿದೆ. ಚಳಿಗಾಲದಲ್ಲಿ ಅದರ ಸಿಬ್ಬಂದಿಯೊಬ್ಬರು ದಿನವೂ 950 ಮೀಟರ್ ಎತ್ತರದ ಹೆಲ್ವೆಲಿನ್ ಏರಿ ಮೇಲಿನ ಗಾಳಿ, ಹಿಮ, ಉಷ್ಣತೆಯ ವರದಿ ತರುತ್ತಾರೆ. ಅವಘಡವಾದರೆ ನಿಮಿಷಕ್ಕೆ ಆರು ಸೀಟಿ ಊದಿ, ಒಂದು ನಿಮಿಷ ಬಿಟ್ಟು ಮತ್ತೆ ಊದುವುದು ಸಂಕೇತ. 999ಕ್ಕೆ ಕರೆ ಮಾಡಿ ಮೊದಲು ಪೊಲೀಸರನ್ನು, ಅವರಲ್ಲಿ ಪರ್ವತ ರಕ್ಷಣಾ ದಳವನ್ನು ಕೇಳಬೇಕು. ದಳದವರೆಲ್ಲ ಸ್ವಯಂಸೇವಕರು. ಅಂಗಡಿ, ಶಾಲೆ, ಹೊಲದ ಕೆಲಸ ಬಿಟ್ಟು ಓಡಿಬರುವ ಇವರು ಬಿಡಿಗಾಸೂ ಪಡೆಯುವುದಿಲ್ಲ.

ಒಲೆ, ಒಣಕೋಣೆ, ಪುದೀನ ಮಿಠಾಯಿ

ನೆಂದವರನ್ನು ಒಳಗೆ ಕರೆದುಕೊಳ್ಳುವ ಏರ್ಪಾಟೂ ಇಲ್ಲಿ ಹಳೆಯದು. ಗ್ರೇಟ್ ಲ್ಯಾಂಗ್‌ಡೇಲ್ ಕಣಿವೆಯ ಓಲ್ಡ್ ಡಂಜನ್ ಗಿಲ್ ಹೋಟೆಲಿನಲ್ಲಿ ನಡೆದು ಬಂದವರಿಗೇ ಬೇರೆ ಕೋಣೆಯಿದೆ. ಕೆಸರು ಬೂಟಿನಲ್ಲೇ ಒಳನುಗ್ಗಬಹುದು. ವಾಸ್ಡೇಲ್ ಹೆಡ್‌ನ ಹೋಟೆಲು ಬ್ರಿಟಿಷ್ ಬಂಡೆಯೇರುವವರ ತವರು. 1886ರಲ್ಲಿ ವಾಲ್ಟರ್ ಹ್ಯಾಸ್ಕೆಟ್ ಸ್ಮಿತ್ ಒಬ್ಬನೇ ನೇಪ್ಸ್ ನೀಡಲ್ ಎಂಬ ಸೂಜಿಬಂಡೆ ಏರಿದ್ದು ವಾಸ್ಡೇಲ್ ಕಣಿವೆಯ ಮೇಲೆಯೇ. 1930ರಲ್ಲಿ ಆರಂಭವಾದ ಯೂತ್ ಹಾಸ್ಟೆಲ್‌ಗಳಲ್ಲಿ ಬಟ್ಟೆ, ಬೂಟು ಒಣಗಿಸಲು ಬಿಸಿಗಾಳಿಯ ಕೋಣೆಯಿರುತ್ತದೆ. ಎನರ್‌ಡೇಲ್ ಕಣಿವೆಯ ತುದಿಯ ಬ್ಲ್ಯಾಕ್ ಸೇಲ್ ಹಾಸ್ಟೆಲ್ ಹಿಂದೆ ಕುರುಬರ ಗುಡಿಸಲು. ಅಲ್ಲಿಗೆ ಇಂದಿಗೂ ನಡೆದೇ ಹೋಗುವುದು ವಾಡಿಕೆ.

ಜೇಬಿನ ತಿಂಡಿಯೆಂದರೆ ಕೆಂಡಲ್ ಮಿಂಟ್ ಕೇಕ್. ಹೆಸರು ಕೇಕ್, ವಾಸ್ತವವಾಗಿ ಸಕ್ಕರೆ ಪಾಕಕ್ಕೆ ಪುದೀನ ಎಣ್ಣೆ ಬೆರೆಸಿ ಅಚ್ಚಿಗೆ ಹಾಕಿದ ಗಟ್ಟಿ ಮಿಠಾಯಿ. 1953ರ ಎವರೆಸ್ಟ್ ಯಾತ್ರೆಯಲ್ಲಿ ಹಿಲರಿ ಮತ್ತು ತೇನ್‌ಸಿಂಗ್ ಅದನ್ನು ಜೊತೆಗೊಯ್ದಿದ್ದರು. ಗ್ರಾಸ್‌ಮಿಯರ್‌ನಲ್ಲಿ ಸೇರಾ ನೆಲ್ಸನ್ 1854ರಲ್ಲಿ ಮಾಡತೊಡಗಿದ ಶುಂಠಿ ಬ್ರೆಡ್ ಇಂದಿಗೂ ಚರ್ಚಿನ ಆವರಣಕ್ಕೆ ಅಂಟಿಕೊಂಡ ಅದೇ ಪುಟ್ಟ ಮನೆಯಲ್ಲಿ ಬೇಯುತ್ತದೆ.

ಹಾದಿಯನ್ನು ಉಳಿಸುವ ಕೆಲಸ

ನಡೆಯುವವರ ಬೂಟು ಮತ್ತು ಮಳೆ ಎರಡೂ ಸೇರಿದರೆ ಬೆಟ್ಟ ಸವೆಯುತ್ತದೆ. ತುಳಿತಕ್ಕೆ ಹುಲ್ಲು ಸಾಯುತ್ತದೆ, ಬರಿನೆಲದ ಮೇಲೆ ಮಳೆನೀರು ಹರಿದು ಹಾದಿಯೇ ಕೊರಕಲಾಗುತ್ತದೆ. ಕೊರಕಲು ತಪ್ಪಿಸಲು ಜನ ಪಕ್ಕದ ಹುಲ್ಲಿನಲ್ಲಿ ನಡೆಯುತ್ತಾರೆ, ಗಾಯ ಇನ್ನಷ್ಟು ಅಗಲವಾಗುತ್ತದೆ. ಇದನ್ನು ತಡೆಯಲು 2001ರಲ್ಲಿ ‘ಫಿಕ್ಸ್ ದ ಫೆಲ್ಸ್’ ಯೋಜನೆ ಆರಂಭವಾಯಿತು. ಹೆಲಿಕಾಪ್ಟರಿನಲ್ಲಿ ಚೀಲಗಟ್ಟಲೆ ಕಲ್ಲನ್ನು ಬೆಟ್ಟದ ಮೇಲೆ ಇಳಿಸಿ, ಒಂದೊಂದನ್ನೂ ಬುಡ ಆಳಕ್ಕೆ ಹೂತು ಒಂದಕ್ಕೊಂದು ಬಿಗಿಯಾಗಿ ಹಾಸುತ್ತಾರೆ. ಅಲ್ಲಲ್ಲಿ ಅಡ್ಡಗಾಲುವೆ ಬಿಟ್ಟು ನೀರನ್ನು ಹಾದಿಯಿಂದ ಆಚೆ ತಿರುಗಿಸುತ್ತಾರೆ. ಆ ಕಾಲುವೆಗಳಲ್ಲಿ ತುಂಬುವ ಕಲ್ಲುಮಣ್ಣು ಬಗೆದು ತೆಗೆಯುವುದು ಸ್ವಯಂಸೇವಕರ ಮುಗಿಯದ ಕೆಲಸ.

ದೊಡ್ಡ ಮಳೆಗಳು ದೊಡ್ಡ ಪ್ರಶ್ನೆಗಳನ್ನೇ ಎತ್ತಿವೆ. 2009ರಲ್ಲಿ ಕಾಕರ್‌ಮತ್ ಪೇಟೆಯ ಬೀದಿಗಳೇ ನದಿಯಾದವು. 2015ರಲ್ಲಿ ಗ್ಲೆನ್‌ರಿಡಿಂಗ್‌ನೊಳಗೆ ತೊರೆ ಬಂಡೆಗಳನ್ನು ಉರುಳಿಸಿ ತಂದಿತು. ಗ್ರಾಸ್‌ಮಿಯರ್–ಕೆಸಿಕ್ ಹೆದ್ದಾರಿ ಕೊಚ್ಚಿಹೋಗಿ ತಿಂಗಳುಗಟ್ಟಲೆ ಮುಚ್ಚಿತು. ಮೇಲಿನ ಬೆಟ್ಟಗಳಲ್ಲಿ ಕುರಿ ಕಡಿಮೆಯಾಗಿ ಮರ ಹೆಚ್ಚಾದರೆ ನೀರು ನಿಧಾನವಾಗಿ ಇಳಿದೀತೆಂದು ನಿಸರ್ಗವಾದಿಗಳು ಹೇಳುತ್ತಾರೆ. ವಿಶ್ವಪರಂಪರೆಯ ಮನ್ನಣೆ ಸಿಕ್ಕಿದ್ದೇ ಕುರಿಗಾರಿಕೆ ರೂಪಿಸಿದ ನೆಲಕ್ಕೆ ಎಂದು ರೈತರು ನೆನಪಿಸುತ್ತಾರೆ. ಈ ಚರ್ಚೆಯ ನಡುವೆಯೇ ಕೆಲವು ಪ್ರಯೋಗಗಳು ಫಲ ಕೊಟ್ಟಿವೆ. ಹಾಸ್‌ವಾಟರ್ ಸಮೀಪದ ಸ್ವಿಂಡೇಲ್‌ನಲ್ಲಿ ಹಿಂದೆ ನೇರ ಕಾಲುವೆಯಂತೆ ಮಾಡಿದ್ದ ತೊರೆಯನ್ನು 2016ರಲ್ಲಿ ಮತ್ತೆ ಅಂಕುಡೊಂಕಾಗಿ ಹರಿಯಲು ಬಿಡಲಾಯಿತು. ನೀರಿನ ವೇಗ ತಗ್ಗಿತು, ಸಾಲ್ಮನ್ ಮೀನು ಮೊಟ್ಟೆಯಿಡಲು ಹಿಂದಿರುಗಿತು.

ಅಲ್ಸ್‌ವಾಟರ್‌ನಿಂದ ನದಿ ಹೊರಡುವಲ್ಲಿದ್ದ ಪೂಲಿ ಬ್ರಿಜ್ ಊರಿನ 18ನೆಯ ಶತಮಾನದ ಕಲ್ಲುಸೇತುವೆಯೂ 2015ರ ನೆರೆಯಲ್ಲಿ ಕೊಚ್ಚಿಹೋಗಿತ್ತು. ಅದರ ಜಾಗದಲ್ಲಿ 2020ರಲ್ಲಿ ತೆರೆದ ಸ್ಟೇನ್‌ಲೆಸ್ ಸ್ಟೀಲಿನ ಸೇತುವೆ ದಂಡೆಯಿಂದ ದಂಡೆಗೆ ಒಂದೇ ಕಮಾನಿನಲ್ಲಿ ದಾಟುತ್ತದೆ. ನೆರೆಯ ನೀರಿಗೆ ಅಡ್ಡವಾಗದಂತೆ, ನದಿಯೊಳಗೆ ಅದಕ್ಕೆ ಒಂದು ಕಂಬವನ್ನೂ ಇಟ್ಟಿಲ್ಲ.